ಕಾರ್ತಿಕದ ಕೈತೋಟಕ್ಕೆ ಸಿಕೇಚರ್: ಫೆಲ್ಕೊ 2 ಕೊಳ್ಳಬೇಕೇ?

ಗುಲಾಬಿ, ಮಲ್ಲಿಗೆ, ದಾಸವಾಳ ಎಲ್ಲ ಸೇರಿ ಹದಿನೈದು-ಇಪ್ಪತ್ತು ಗಟ್ಟಿ ಕಾಂಡದ ಗಿಡಗಳಿರುವ ತೋಟಕ್ಕೆ ಫೆಲ್ಕೊ 2 ಕೊಟ್ಟ ಹಣಕ್ಕೆ ಮೋಸವಿಲ್ಲದ ಸಿಕೇಚರ್, ಅಂದರೆ ಕೊಂಬೆ ಸವರುವ ಕತ್ತರಿ. ಐದಾರು ಕುಂಡಗಳ ಬಾಲ್ಕನಿಗೆ ಇದು ಬೇಡ, ಅಲ್ಲಿಗೆ ನಮ್ಮಲ್ಲೇ ತಯಾರಾಗುವ ಕತ್ತರಿ ಸಾಕು. ಯಾಕೆ ಎನ್ನುವುದು ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗಿನ ಕೆಲಸಗಳನ್ನು ನೋಡಿದರೆ ತಿಳಿಯುತ್ತದೆ. ಮಳೆ ಹಿಂದೆ ಸರಿದು ಚಳಿ ಕಾಲಿಡುವ ಈ ದಿನಗಳಲ್ಲೇ ಗುಲಾಬಿ ಸವರಬೇಕು, ಮಲ್ಲಿಗೆ ಮೊಟಕು ಮಾಡಬೇಕು, ಹೂ ಮುಗಿದ ಸೇವಂತಿಗೆ ಕತ್ತರಿಸಬೇಕು. ಅದರ ನಡುವೆಯೇ ಬಲಿಪಾಡ್ಯಮಿ, ತುಳಸಿ ಹಬ್ಬ, ಕೊಡಗಿನ ಹುತ್ತರಿ ಬಂದು ಮನೆಯ ಅಲಂಕಾರಕ್ಕೂ ತೋಟದಿಂದಲೇ ಸೊಪ್ಪು-ಕೊಂಬೆ ತರಬೇಕು. ವರ್ಷದ ಉಳಿದ ದಿನಗಳಲ್ಲಿ ಮೂಲೆಯಲ್ಲಿ ಬಿದ್ದಿರುವ ಕತ್ತರಿಗೆ ಈ ಏಳೆಂಟು ವಾರ ಬಿಡುವೇ ಇರುವುದಿಲ್ಲ.

ಫೆಲ್ಕೊ ಸ್ವಿಟ್ಜರ್ಲೆಂಡಿನ ಕಂಪನಿ, 1945ರಲ್ಲಿ ಶುರುವಾದದ್ದು. ಅದರ 2ನೇ ಮಾದರಿಯ ಉದ್ದ 215 ಮಿ.ಮೀ., ತೂಕ 240 ಗ್ರಾಂ. ಅಲ್ಯೂಮಿನಿಯಂ ಹಿಡಿಗಳ ಮೇಲೆ ಕೆಂಪು ಹೊದಿಕೆ. 25 ಮಿ.ಮೀ. ದಪ್ಪದವರೆಗಿನ ಕೊಂಬೆ ಕತ್ತರಿಸುತ್ತದೆ ಎಂದು ಕಂಪನಿ ಹೇಳುತ್ತದೆ. ಹಸಿಯಾದ ಮೆತ್ತನೆ ಕೊಂಬೆಯ ಮಟ್ಟಿಗೆ ಅದು ಸರಿ. ಸೀಬೆ, ಸರ್ವೆ, ಹಳೆಯ ದಾಸವಾಳದ ಬುಡದಂಥ ಗಟ್ಟಿ ಮರಕ್ಕೆ ಹೆಬ್ಬೆರಳ ಗಾತ್ರವನ್ನೇ ಮಿತಿ ಎಂದುಕೊಳ್ಳಿ. ಅದನ್ನು ಮೀರಿದರೆ ಮಡಚುವ ಗರಗಸ ತೆಗೆಯಬೇಕು. ಎರಡು ಕೈಯಲ್ಲಿ ಹಿಡಿದು ಅದುಮಿ, ಅತ್ತಿತ್ತ ತಿರುಚಿ ಹೇಗೋ ಕತ್ತರಿಸುವವರ ಸಿಕೇಚರ್ ಯಾವ ಕಂಪನಿಯದಾದರೂ ಬಾಳುವುದಿಲ್ಲ. ತಿರುಚಿದಾಗ ಎರಡು ಅಲಗುಗಳ ನಡುವೆ ಸಂದು ಬೀಳುತ್ತದೆ, ಆಮೇಲೆ ತೆಳ್ಳನೆಯ ಚಿಗುರು ಕೂಡ ಕತ್ತರಿಸದೆ ಮಡಚಿಕೊಳ್ಳುತ್ತದೆ.

ಇದು ಬೈಪಾಸ್ ಮಾದರಿ. ಹರಿತವಾದ ಒಂದು ಅಲಗು ಕೊಕ್ಕೆಯಂತೆ ಬಾಗಿದ ಇನ್ನೊಂದು ಅಲಗನ್ನು ಉಜ್ಜಿಕೊಂಡೇ ಪಕ್ಕದಲ್ಲಿ ಹಾದುಹೋಗುತ್ತದೆ. ಇನ್ನೊಂದು ಬಗೆಯಾದ ಆನ್ವಿಲ್‌ನಲ್ಲಿ ಅಲಗು ನೇರವಾಗಿ ಒಂದು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುತ್ತದೆ. ಒಣಕಡ್ಡಿ ಮುರಿಯಲು ಅದು ಪರವಾಗಿಲ್ಲ, ಆದರೆ ಹಸಿ ಗುಲಾಬಿ ಕಡ್ಡಿಯನ್ನು ಜಜ್ಜುತ್ತದೆ. ಜಜ್ಜಿದ ತುದಿ ಕಪ್ಪಾಗಿ, ಅಲ್ಲಿಂದ ಕಡ್ಡಿ ಕೆಳಮುಖವಾಗಿ ಒಣಗುತ್ತಾ ಬರುತ್ತದೆ. ಗುಲಾಬಿಯಲ್ಲಿ ತುದಿಯಿಂದ ಒಣಗುವ ಈ ರೋಗ ಶಿಲೀಂಧ್ರದ್ದು. ಸವರಿದ ಗಾಯವೇ ಅದಕ್ಕೆ ಬಾಗಿಲು. ಬೆಲೆ ಕಡಿಮೆಯೆಂದು ಆನ್ವಿಲ್ ಕತ್ತರಿ ತಂದು ಗುಲಾಬಿ ಸವರುವುದು ಗಿಡವನ್ನು ಕೈಯಾರೆ ಕೆಡಿಸಿದಂತೆ.

ಬೈಪಾಸ್ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಹರಿತದ ಅಲಗು ಗಿಡದಲ್ಲಿ ಉಳಿಯುವ ಭಾಗದ ಕಡೆಗಿರಬೇಕು, ಕೊಕ್ಕೆ ಅಲಗು ಕತ್ತರಿಸಿ ಎಸೆಯುವ ಭಾಗದ ಕಡೆಗೆ. ಕೊಕ್ಕೆ ಒತ್ತಿದಲ್ಲಿ ಸಿಪ್ಪೆ ಸ್ವಲ್ಪ ನಲುಗಿಯೇ ನಲುಗುತ್ತದೆ. ಆ ನಲುಗಿದ ತುಂಡು ಕೆಳಗೆ ಬಿದ್ದುಹೋಗಲಿ. ಕತ್ತರಿಯನ್ನು ಉಲ್ಟಾ ಹಿಡಿದರೆ ಅದೇ ಗಾಯ ಗಿಡದಲ್ಲಿ ಉಳಿಯುತ್ತದೆ. ಕೊಂಬೆಯನ್ನು ಅಲಗಿನ ತುದಿಯಲ್ಲಿ ಕಚ್ಚಿಸದೆ ಬುಡದವರೆಗೆ ಒಳಗೆ ತಂದು ಅದುಮಿದರೆ ಅರ್ಧ ಬಲ ಸಾಕು.

ಈಗ ಗುಲಾಬಿ. ಬೆಂಗಳೂರು, ಮೈಸೂರಿನ ಹವೆಯಲ್ಲಿ ಸವರಲು ಅಕ್ಟೋಬರ್ ಎರಡನೇ-ಮೂರನೇ ವಾರ ಪ್ರಶಸ್ತ, ನವೆಂಬರ್ ನಡುವಿನವರೆಗೂ ನಡೆದೀತು. ಸವರಿದ ಆರೇಳು ವಾರಕ್ಕೆ ಹೂ ಬರುತ್ತದೆ, ಚಳಿ ಜೋರಿದ್ದರೆ ಇನ್ನೊಂದು ವಾರ ಹಿಡಿಯುತ್ತದೆ. ದೊಡ್ಡ ಹೂವಿನ ಹೈಬ್ರಿಡ್ ಟೀ ಜಾತಿಗಳನ್ನು ನೆಲದಿಂದ 45–60 ಸೆಂ.ಮೀ. ಉಳಿಸಿ, ಪ್ರತಿ ಕಡ್ಡಿಯಲ್ಲೂ ನಾಲ್ಕರಿಂದ ಆರು ಕಣ್ಣು (ಚಿಗುರೊಡೆಯುವ ಗಂಟು) ಬಿಟ್ಟು ಕತ್ತರಿಸಿ. ಹೊರಮುಖವಾಗಿರುವ ಕಣ್ಣಿಗಿಂತ ಕಾಲು ಇಂಚು ಮೇಲೆ, ಕಣ್ಣಿನ ಎದುರು ಬದಿಗೆ ಇಳಿಜಾರಾಗುವಂತೆ ಕತ್ತರಿ ಹಾಕಬೇಕು, ನೀರು ಕಣ್ಣಿನ ಮೇಲೆ ನಿಲ್ಲಬಾರದು. ಕಾಲು ಇಂಚಿಗಿಂತ ಹೆಚ್ಚು ಬಿಟ್ಟರೆ ಆ ಮೊಂಡು ಒಣಗುತ್ತದೆ, ಕಡಿಮೆ ಬಿಟ್ಟರೆ ಕಣ್ಣೇ ಒಣಗುತ್ತದೆ. ಇಲ್ಲಿ ಫೆಲ್ಕೊ 2 ತನ್ನ ಬೆಲೆಯನ್ನು ತೀರಿಸುತ್ತದೆ. ಅಲಗು ಕಿರಿದಾಗಿರುವುದರಿಂದ ಮುಳ್ಳುಗಳ ನಡುವೆ ತೂರಿಸಿ ಕಣ್ಣಿನ ಹತ್ತಿರಕ್ಕೆ ಒಯ್ಯಬಹುದು. ಮುಚ್ಚುವಾಗ ಹಿಡಿಗಳ ನಡುವಿನ ರಬ್ಬರ್ ಗುಬ್ಬಿ ಹೊಡೆತವನ್ನು ಹೀರುವುದರಿಂದ ನೂರಾರು ಕಡ್ಡಿ ಕತ್ತರಿಸಿದ ಮೇಲೂ ಮಣಿಕಟ್ಟು ಅಷ್ಟಾಗಿ ನೋಯುವುದಿಲ್ಲ.

ಕತ್ತರಿಸಿದ ಪ್ರತಿ ತುದಿಗೂ ಬೋರ್ಡೊ ಮುಲಾಮು ಹಚ್ಚಬೇಕು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣ ತಣಿದ ಮೇಲೆ ಎರಡನ್ನೂ ಕೂಡಿಸಿ. ಪ್ಲಾಸ್ಟಿಕ್ ಇಲ್ಲವೇ ಮಣ್ಣಿನ ಪಾತ್ರೆ ಬಳಸಿ, ಕಬ್ಬಿಣದ್ದು ಬೇಡ. ಒಂದು ಹಳೆ ಮೊಳೆಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಈ ಪರೀಕ್ಷೆಗೆ ಸಿಕೇಚರ್ ಅಲಗನ್ನೇ ಅದ್ದುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮೈಲುತುತ್ತ ಉಕ್ಕನ್ನು ತಿನ್ನುತ್ತದೆ.

ದುಂಡು ಮಲ್ಲಿಗೆಯ ಸರದಿ ನವೆಂಬರ್ ಕೊನೆಯ ವಾರ. ಅದಕ್ಕೆ ಮುಂಚೆ ಕೆಲವು ದಿನ ನೀರು ನಿಲ್ಲಿಸಿ, ಗಿಡವನ್ನು ನೆಲದಿಂದ 45–50 ಸೆಂ.ಮೀ. ಎತ್ತರಕ್ಕೆ ಮೊಟಕು ಮಾಡಿ, ಒಣಕಡ್ಡಿ, ರೋಗದ ಕಡ್ಡಿ ತೆಗೆದು, ನೆಲದ ಗಿಡವಾದರೆ ಬುಡಕ್ಕೆ ಸುಮಾರು 10 ಕೆ.ಜಿ. ಕೊಟ್ಟಿಗೆ ಗೊಬ್ಬರ ಹಾಕಿ ನೀರು ಬಿಡಿ. ಮಾರ್ಚಿನ ಹೊತ್ತಿಗೆ ಮೊಗ್ಗು. ಮಲ್ಲಿಗೆಯ ಕಡ್ಡಿ ತೆಳು, ಆದರೆ ಎಣಿಕೆಯಲ್ಲಿ ಅಪಾರ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಸ್ಪ್ರಿಂಗ್ ಎಷ್ಟು ಹಗುರವಾಗಿ ತೆರೆದುಕೊಳ್ಳುತ್ತದೆ ಎನ್ನುವುದನ್ನು. ಕಡಿಮೆ ಬೆಲೆಯ ಕತ್ತರಿಗಳಲ್ಲಿ ಮೊದಲು ಕೈಕೊಡುವುದೂ ಸ್ಪ್ರಿಂಗೇ. ಪಟ್ಟನೆ ಹಾರಿ ಗಿಡದ ಬುಡದಲ್ಲಿ ಬಿದ್ದರೆ ಸಿಗುವುದಿಲ್ಲ, ಸ್ಪ್ರಿಂಗಿಲ್ಲದ ಕತ್ತರಿ ಕೆಲಸಕ್ಕೆ ಬಾರದು. ಫೆಲ್ಕೊದಲ್ಲಿ ಸ್ಪ್ರಿಂಗ್, ಅಲಗು, ನಟ್ಟು, ಬೋಲ್ಟು, ಹಿಡಿ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಒಂದು ಹೆಚ್ಚುವರಿ ಸ್ಪ್ರಿಂಗನ್ನು ಕತ್ತರಿಯ ಜೊತೆಗೇ ತರಿಸಿಟ್ಟುಕೊಳ್ಳಿ.

ದ್ರಾಕ್ಷಿ, ದಾಳಿಂಬೆ ಬೆಳೆಗಾರರಿಗೆ ಈ ಮಾತೆಲ್ಲ ಗೊತ್ತಿರುವುದೇ. ವಿಜಯಪುರದ ಕಡೆ ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವಿಕೆ) ಹೊತ್ತಿಗೆ ಸಿಕೇಚರ್ ಹಿಡಿದ ಕೈಗಳೇ ತೋಟದ ತುಂಬ. ಅವರಿಂದ ಮನೆತೋಟದವರು ಕಲಿಯಬೇಕಾದದ್ದು ಅಲಗು ಶುದ್ಧಿ. ದಾಳಿಂಬೆಯ ದುಂಡಾಣು ಅಂಗಮಾರಿ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ದಾರಿಗಳಲ್ಲಿ ಸಿಕೇಚರ್ ಕೂಡ ಒಂದು. ಅದಕ್ಕಾಗಿ ಗಿಡದಿಂದ ಗಿಡಕ್ಕೆ ಹೋಗುವಾಗ ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅಲಗು ಅದ್ದುತ್ತಾರೆ. ಅಂಗಡಿಯ ಬ್ಲೀಚ್ ಶೇ 5ರದ್ದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಬ್ಲೀಚ್ ತುಕ್ಕು ತರಿಸುತ್ತದೆ, ಕೆಲಸ ಮುಗಿದ ಕೂಡಲೇ ನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಹಾಕಲೇಬೇಕು. ನಾಲ್ಕು ಗುಲಾಬಿ ಇರುವವರಿಗೆ ಶೇ 70ರ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು ಸುಲಭ.

ಅಲಂಕಾರದ ವಿಷಯಕ್ಕೆ ಬಂದರೆ, ಫೆಲ್ಕೊ ಎಷ್ಟೇ ಚೆನ್ನಾಗಿದ್ದರೂ ಎಲ್ಲದಕ್ಕೂ ಅದನ್ನೇ ಹಿಡಿಯಬಾರದು. ತುಳಸಿ ಹಬ್ಬಕ್ಕೆ ಬೇಕಾದ ನೆಲ್ಲಿ, ಹುಣಸೆ ಕೊಂಬೆಗಳಿಗೆ ಅದು ಹೇಳಿ ಮಾಡಿಸಿದ್ದು. ಕಾಯಿ ತುಂಬಿದ ನೆಲ್ಲಿ ಕೊಂಬೆ ಪೆಡಸು, ಕೈಯಿಂದ ಮುರಿದರೆ ಸಿಪ್ಪೆ ಸೀಳಿ ಮರಕ್ಕೆ ಉದ್ದ ಗಾಯವಾಗುತ್ತದೆ, ಜಗ್ಗಿದ ಹೊಡೆತಕ್ಕೆ ಅರ್ಧ ಕಾಯಿ ಉದುರಿ ನೆಲ ಸೇರುತ್ತದೆ. ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದು ಕೈಯಲ್ಲಿ ಕತ್ತರಿಸಿ ಮೆಲ್ಲಗೆ ಇಳಿಸಿ. ಒಂದೂವರೆ-ಎರಡು ಅಡಿ ಉದ್ದ ಸಾಕು. ಕಡಿದ ನೆಲ್ಲಿಯ ಎಲೆ ಬೇಗ ಮುದುಡಿ ಉದುರುವುದರಿಂದ ಹಿಂದಿನ ದಿನವೇ ತಂದಿಡಬೇಡಿ. ಪೂಜೆ ಸಂಜೆ ಇದ್ದರೆ ಅಂದೇ ಕತ್ತರಿಸಿ ನೀರಿನಲ್ಲಿಡಿ. ಕೊಂಬೆಯನ್ನು ತುಳಸಿಯ ಬುಡಕ್ಕೇ ಚುಚ್ಚುವುದು ರೂಢಿ, ಆದರೆ ಸಣ್ಣ ಕುಂಡವಾದರೆ ಬೇರು ತುಂಡಾಗಿ ಹಬ್ಬ ಮುಗಿದ ವಾರದಲ್ಲಿ ತುಳಸಿ ಬಾಡುತ್ತದೆ. ಪಕ್ಕದಲ್ಲಿ ಒದ್ದೆ ಮರಳು ತುಂಬಿದ ಚೆಂಬಿನಲ್ಲಿ ನಿಲ್ಲಿಸಿ ದಾರದಿಂದ ಕಟ್ಟೆಗೆ ಬಿಗಿದರೆ ಕೊಂಬೆಯೂ ನೇರ ನಿಲ್ಲುತ್ತದೆ, ಗಿಡವೂ ಉಳಿಯುತ್ತದೆ.

ನೆಲ್ಲಿಗೆ ಕತ್ತರಿ ಹಾಕಿದ ಮೇಲೆ ಅಲಗಿನ ಮೇಲೆ ನೀಲಿಗಪ್ಪು ಕಲೆ ಕಾಣಿಸಿಕೊಳ್ಳುತ್ತದೆ. ನೆಲ್ಲಿಯ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು, ಅಲಗಿನ ದೋಷವಲ್ಲ. ಆಗಲೇ ಒರೆಸಿದರೆ ಹೋಗುತ್ತದೆ, ರಾತ್ರಿಯೆಲ್ಲ ಬಿಟ್ಟರೆ ಕಚ್ಚಿಕೊಳ್ಳುತ್ತದೆ. ನೆಲ್ಲಿಕಾಯಿ ದೀಪಕ್ಕೆ ಕಾಯಿ ಕೊರೆಯಲು ಅಡುಗೆಮನೆಯ ಚಿಕ್ಕ ಸ್ಟೀಲ್ ಚಾಕು ಬಳಸಿ. ಮೇಲಿನಿಂದ ಚಿಕ್ಕ ಬಿಲ್ಲೆ ತೆಗೆದು ಬೀಜ ತಾಕುವವರೆಗೆ ತೋಡಿದರೆ ತುಪ್ಪದಲ್ಲಿ ನೆನೆಸಿದ ಒಂದು ಹೂಬತ್ತಿ ಕೂರುವಷ್ಟು ಗುಳಿಯಾಗುತ್ತದೆ. ತಳವನ್ನೂ ತುಸು ಹೆರೆದು ಚಪ್ಪಟೆ ಮಾಡಿ, ಇಲ್ಲದಿದ್ದರೆ ಉರುಳಿ ತುಪ್ಪ ಚೆಲ್ಲುತ್ತದೆ. ಒಣಗಿದ ಎಲೆ, ಕಬ್ಬಿನ ರವುದಿಯಿಂದ ದೀಪ ದೂರವಿರಲಿ.

ಕಬ್ಬಿನ ಮಂಟಪಕ್ಕೆ ಸಿಕೇಚರ್ ಬೇಡವೇ ಬೇಡ. ಜಲ್ಲೆ ಸಾಮಾನ್ಯವಾಗಿ ಒಂದು ಇಂಚಿಗಿಂತ ದಪ್ಪ, ಮೇಲ್ಸಿಪ್ಪೆ ಗಡುಸು, ಒಳಗಿನ ಸಿಹಿರಸ ಅಲಗಿನ ಕೀಲಿಗಿಳಿದು ಒಣಗಿದರೆ ಕತ್ತರಿ ತೆರೆಯುವುದೇ ಇಲ್ಲ. ಮಚ್ಚಿನಿಂದ ಓರೆಯಾಗಿ ಒಂದೇ ಏಟು ಹಾಕಿ. ಬಾಳೆಕಂಬಕ್ಕೂ ಕತ್ತಿಯೇ. ಬಾಳೆಯ ಸೊನೆ ಬಟ್ಟೆಗೆ ಬಿದ್ದರೆ ಹೋಗದು, ಅಲಗಿಗೆ ಅಂಟಿದರೆ ಕಪ್ಪು ಪದರವಾಗಿ ಗಟ್ಟಿಯಾಗುತ್ತದೆ. ತುಳುನಾಡಿನಲ್ಲಿ ಬಲಿಯೇಂದ್ರನನ್ನು ನಿಲ್ಲಿಸಲು ಹಾಲೆ ಮರದ ಕೊಂಬೆ ತರುವವರಿಗೂ ಇದೇ ಮಾತು. ಸಣ್ಣ ಗೆಲ್ಲು ಸವರಲು ಸಿಕೇಚರ್ ಆದೀತು, ಆದರೆ ಅದರ ಹಾಲನ್ನು ಸೀಮೆಎಣ್ಣೆ ಬಟ್ಟೆಯಿಂದ ಕೂಡಲೇ ಒರೆಸಿ. ಉತ್ತರ ಕರ್ನಾಟಕದ ಪಾಂಡವರ ಪೂಜೆಗೆ ಬೇಕಾದ ಉತ್ತರಾಣಿ, ಚೆಂಡು ಹೂವಿಗೆ ಕೈಯೇ ಸಾಕು. ಹುತ್ತರಿಯ ಕದಿರಿಗೆ ಕುಡುಗೋಲು. ಭತ್ತದ ತೆನೆ ತೋರಣ ಹೆಣೆಯುವವರು ಒಂದಡಿಗೂ ಮಿಕ್ಕಿದ ಕಡ್ಡಿ ಉಳಿಸಿಕೊಂಡು ಕೊಯ್ಯಿರಿ. ಒಣಗಿದ್ದರೆ ಹೆಣೆಯುವ ಅರ್ಧ ಗಂಟೆ ಮೊದಲು ಕಡ್ಡಿಗೆ ಮಾತ್ರ ಒದ್ದೆ ಬಟ್ಟೆ ಸುತ್ತಿಡಿ, ಆಗ ಬಾಗುತ್ತದೆ, ಮುರಿಯುವುದಿಲ್ಲ. ತೆನೆ ನೆನೆದರೆ ಬೂಸಲು ಹಿಡಿಯುತ್ತದೆ ಇಲ್ಲವೇ ಮೊಳಕೆಯೊಡೆಯುತ್ತದೆ.

ಮಾವಿನ ತೋರಣದ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಕೈಯಲ್ಲಿ ಹರಿತವಾದ ಕತ್ತರಿ ಇದ್ದಾಗ ಎಲೆಗೊಂಚಲಿನ ತುದಿಯನ್ನೇ ಕತ್ತರಿಸಿ ತರುವುದು ಸುಲಭ ಅನಿಸುತ್ತದೆ. ಆದರೆ ಮಾವು ಹೂ ಬಿಡುವುದು ಬಲಿತ ಕೊಂಬೆಯ ತುದಿಯಲ್ಲೇ. ನವೆಂಬರಿನಲ್ಲಿ ತುದಿ ಕತ್ತರಿಸಿದರೆ ಮುಂದೆ ಅಲ್ಲಿ ಬರಬೇಕಾದ ಹೂಗೊಂಚಲನ್ನೇ ಕತ್ತರಿಸಿದಂತೆ. ಒಳಗಿನ ಬಲಿತ ಎಲೆಗಳನ್ನು ಒಂದೊಂದಾಗಿ, ಅರ್ಧ ಇಂಚು ತೊಟ್ಟು ಉಳಿಸಿಕೊಂಡು ಬಿಡಿಸಿ. ತೊಟ್ಟಿದ್ದರೆ ದಾರಕ್ಕೆ ಮಡಚಿ ಚುಚ್ಚಲೂ ಅನುಕೂಲ.

ಡಿಸೆಂಬರಿನಲ್ಲಿ ಕ್ರಿಸ್‌ಮಸ್‌ಗೆ ಸರ್ವೆ ಕೊಂಬೆ ತರುವವರು ಕಡ್ಡಿಯಂಥ ತುದಿಗಳಿಗೆ ಸಿಕೇಚರ್, ಮುಖ್ಯ ಕೊಂಬೆಗೆ ಗರಗಸ ಬಳಸಿ. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಅಲಂಕಾರಕ್ಕೆ) ಹಸಿರು ಬೇಕಾದರೆ ರಾಗಿಯನ್ನು ಎಂಟು-ಹತ್ತು ದಿನ ಮೊದಲೇ ತಟ್ಟೆಯಲ್ಲಿ ತೆಳುವಾಗಿ ಬಿತ್ತಿ.

ಫೆಲ್ಕೊ 2ರ ಕೊರತೆಗಳೂ ಇವೆ. ಮೊದಲನೆಯದು ಹಿಡಿಯ ಅಗಲ. ಪೂರ್ತಿ ತೆರೆದಾಗ ಚಿಕ್ಕ ಕೈಯವರಿಗೆ ಬೆರಳು ಹೊರಗಿನ ಹಿಡಿಗೆ ಸರಿಯಾಗಿ ಎಟಕುವುದಿಲ್ಲ, ತುದಿಬೆರಳಿನಲ್ಲಿ ಎಳೆಯಬೇಕಾಗುತ್ತದೆ, ಹತ್ತು ನಿಮಿಷಕ್ಕೆ ಅಂಗೈ ಸೋಲುತ್ತದೆ. ಇದೇ ಕಂಪನಿಯ 6ನೇ ಮಾದರಿ ಚಿಕ್ಕ ಕೈಗೆಂದೇ ಇದೆ, ಎಡಗೈಯವರಿಗೆ 9. ಇದನ್ನು ನೋಡದೆ ಹೆಸರು ಕೇಳಿ 2 ತರಿಸಿ ಪೇಚಾಡುವುದು ಬೇಡ. ಎರಡನೆಯದು ಬೆಲೆ. ನಮ್ಮ ಸಾಧಾರಣ ಕತ್ತರಿಯ ಎಷ್ಟೋ ಪಟ್ಟು. ಮೂರನೆಯದು ತುಕ್ಕು. ಅಲಗು ಒಳ್ಳೆಯ ಉಕ್ಕಾದರೂ ತುಕ್ಕೇ ಹಿಡಿಯದ ಜಾತಿಯಲ್ಲ, ಕರಾವಳಿಯ ತೇವಕ್ಕೆ ಒರೆಸದೆ ಇಟ್ಟರೆ ಕಂದು ಚುಕ್ಕೆ ಬರುತ್ತದೆ.

ಎಣ್ಣೆ ಯಾವುದು ಎನ್ನುವುದರಲ್ಲೂ ಎಚ್ಚರ ಬೇಕು. ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆ ಹಚ್ಚುವುದು ನಮ್ಮಲ್ಲಿ ಸಾಮಾನ್ಯ. ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಹಳತಾದರೆ ಜಿಗುಟಾಗಿ ದೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಕೀಲಿಗೆ, ಒಂದು ಹನಿ ಸ್ಪ್ರಿಂಗಿಗೆ, ಅಲಗಿಗೆ ಬಟ್ಟೆಯಿಂದ ತೆಳ್ಳಗೆ ಸವರಿದರೆ ಸಾಕು. ಅದಕ್ಕೂ ಮೊದಲು ಸೊನೆಯ ಪದರವನ್ನು ಸ್ಪಿರಿಟ್ ಅಥವಾ ಸೀಮೆಎಣ್ಣೆಯಿಂದ ತೆಗೆಯಿರಿ.

ಹರಿತ ಮಾಡುವುದು ಓರೆಯಿರುವ ಒಂದು ಬದಿಯನ್ನು ಮಾತ್ರ. ಚಪ್ಪಟೆ ಬದಿಯನ್ನು ಕಲ್ಲಿನ ಮೇಲೆ ಪೂರ್ತಿ ಮಟ್ಟವಾಗಿ ಮಲಗಿಸಿ ಒಂದೆರಡು ಸಲ ಎಳೆದು ಅಂಚಿನ ಜುಂಗು ತೆಗೆದರೆ ಮುಗಿಯಿತು. ಅಲ್ಲಿಯೂ ಓರೆ ಮಾಡಿದಿರೋ, ಎರಡು ಅಲಗುಗಳ ನಡುವೆ ಕೂದಲೆಳೆಯ ಸಂದು ಬಿದ್ದು ಸಿಪ್ಪೆಯ ನಾರು ಜೋತಾಡತೊಡಗುತ್ತದೆ. ಓರೆಯ ಕೋನ 20ರಿಂದ 25 ಡಿಗ್ರಿ. ಮೊದಲಿದ್ದ ಓರೆಯನ್ನೇ ಅನುಸರಿಸಿ, ಬುಡದಿಂದ ತುದಿಗೆ, ಒಂದೇ ದಿಕ್ಕಿಗೆ ನುಣುಪಾದ ಡೈಮಂಡ್ ಫೈಲ್ ಎಳೆಯಿರಿ. ಬೀದಿಯಲ್ಲಿ ಸಾಣೆ ಹಿಡಿಯುವವರ ಚಕ್ರಕ್ಕೆ ಅಡುಗೆಮನೆಯ ಚಾಕು ಕೊಡಿ, ಇದನ್ನು ಕೊಡಬೇಡಿ. ಚಕ್ರದ ಬಿಸಿಗೆ ಅಂಚು ನೀಲಿಗಟ್ಟಿತೆಂದರೆ ಉಕ್ಕಿನ ಹದ ಹೋಯಿತು, ಮತ್ತೆ ಹರಿತ ನಿಲ್ಲುವುದಿಲ್ಲ.

ನಡುವಿನ ನಟ್ಟಿನ ಬಿಗಿಯನ್ನು ಹೀಗೆ ನೋಡಿ. ಸ್ಪ್ರಿಂಗ್ ತೆಗೆದು ಹಿಡಿಗಳನ್ನು ತೆರೆದು ಮುಚ್ಚಿ. ತಡೆಯಿಲ್ಲದೆ ಜಾರಬೇಕು, ಆದರೆ ಅಲಗು ಅತ್ತಿತ್ತ ಅಲ್ಲಾಡಬಾರದು. ಆಮೇಲೆ ದಿನಪತ್ರಿಕೆಯ ಒಂದೇ ಹಾಳೆಯನ್ನು ಅಲಗಿನ ಬುಡದಿಂದ ತುದಿಯವರೆಗೆ ಕತ್ತರಿಸಿ. ಹಾಳೆ ಎಲ್ಲಿ ಮಡಚಿಕೊಳ್ಳುತ್ತದೋ ಅಲ್ಲಿ ಸಂದಿದೆ ಅಥವಾ ಮೊಂಡಾಗಿದೆ. ಹಲ್ಲುಳ್ಳ ನಟ್ಟನ್ನು ಒಂದು ಹಲ್ಲಿನಷ್ಟು ಬಿಗಿ ಮಾಡಿ ಮತ್ತೆ ನೋಡಿ. ಅಷ್ಟಕ್ಕೂ ಸರಿಹೋಗದಿದ್ದರೆ ಹೊಸ ಅಲಗು ಹಾಕುವ ಹೊತ್ತಾಗಿದೆ. ಅದರ ಭಾಗಸಂಖ್ಯೆ 2/3.

ಇಷ್ಟು ಹಣ ಬೇಡ ಎನ್ನುವವರಿಗೆ ಲೂಧಿಯಾನದ ಫಾಲ್ಕನ್‌ನಂಥ ಭಾರತೀಯ ಕಂಪನಿಗಳ ಬೈಪಾಸ್ ಕತ್ತರಿಗಳು ಇದ್ದೇ ಇವೆ. ಕೊಳ್ಳುವಾಗ ನಡುವಿನಲ್ಲಿ ರಿವೆಟ್ ಹೊಡೆದದ್ದನ್ನು ಬಿಟ್ಟು ನಟ್ಟು-ಬೋಲ್ಟು ಇರುವುದನ್ನೇ ಆರಿಸಿ, ಬಿಚ್ಚಿ ಹರಿತ ಮಾಡಲಾಗದ ಕತ್ತರಿ ಎಷ್ಟು ಅಗ್ಗವಾದರೂ ದುಬಾರಿ. ಉಳಿದ ಹಣದಲ್ಲಿ ಒಂದು ಮಡಚುವ ಗರಗಸ, ಒಂದು ಡೈಮಂಡ್ ಫೈಲ್ ಬರುತ್ತವೆ. ಮಧ್ಯಮ ಗಾತ್ರದ ತೋಟಕ್ಕೆ ಈ ಮೂರೂ ಸೇರಿ ಮಾಡುವ ಕೆಲಸವನ್ನು ಫೆಲ್ಕೊ ಒಂದೇ ಮಾಡಲಾರದು. ಆದರೆ ಸಾಲು ಗುಲಾಬಿ ಇರುವವರು, ಮಲ್ಲಿಗೆ ಮಾರುವವರು, ಕಾಫಿ ತೋಟದಲ್ಲಿ ದಿನವಿಡೀ ಕತ್ತರಿ ಹಿಡಿಯುವವರು ಫೆಲ್ಕೊವನ್ನೇ ತೆಗೆದುಕೊಳ್ಳಲಿ, ಅವರ ಮಣಿಕಟ್ಟಿಗೂ ಗಿಡಕ್ಕೂ ಅದೇ ಒಳ್ಳೆಯದು.

ಅದೇ ಕೆಂಪು ಹಿಡಿಯ ನಕಲುಗಳು ಆನ್‌ಲೈನಿನಲ್ಲಿ ಸಾಕಷ್ಟಿವೆ. ಸಾಧ್ಯವಾದರೆ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ಪೂರ್ತಿ ತೆರೆದ ಕತ್ತರಿಯ ಎರಡೂ ಹಿಡಿಗಳಿಗೆ ನಾಲ್ಕು ಬೆರಳು, ಹೆಬ್ಬೆರಳ ಬುಡ ಸರಾಗವಾಗಿ ಕೂರಬೇಕು. ಮುಚ್ಚಿದಾಗ ಹಿಡಿಗಳ ಸಂದಿಗೆ ಅಂಗೈಯ ಚರ್ಮ ಸಿಕ್ಕಬಾರದು. ಲಾಕಿನ ಗುಂಡಿ ಅದೇ ಕೈಯ ಹೆಬ್ಬೆರಳಿಗೆ ಎಟಕಬೇಕು, ಇನ್ನೊಂದು ಕೈಯಲ್ಲಿ ಮುಳ್ಳಿನ ಕಡ್ಡಿ ಹಿಡಿದಿರುತ್ತೀರಿ.